ಹೊಂದಾಣಿಕೆ ಯಾವ ವಿಂಡೋಸಿನೊಡನೆ?

ವಿಂಡೋಸ್ ಎಕ್ಸ್‌ಪಿ ಎಂಬ ಆಪರೇಟಿಂಗ್ ಸಿಸ್ಟಮಿಗೆ ಅದರ ಒಡೆಯರಾದ ಮೈಕ್ರೋಸಾಫ್ಟ್ ಸಂಸ್ಥೆಯವರು 2014ನೆಯ ಇಸವಿಯ ಏಪ್ರಿಲ್ ತಿಂಗಳಿನಲ್ಲಿ ಬೆಂಬಲವನ್ನು ನಿಲ್ಲಿಸಿಬಿಟ್ಟರು. ಆ ಬಳಿಕವೂ ಎಷ್ಟೋ ಕಾರ್ಖಾನೆಗಳಲ್ಲಿ, ಪ್ರಯೋಗಶಾಲೆಗಳಲ್ಲಿ ಅದೇ ಹಳೆಯ ವ್ಯವಸ್ಥೆಯು ನಡೆದುಕೊಂಡು ಬಂದುದಕ್ಕೆ ಬರಿಯ ಜಿಪುಣತನವೇ ಕಾರಣವೆಂದು ತಿಳಿಯಲಾಗದು. ಲೋಹವನ್ನು ಕೊರೆಯುವ ಯಂತ್ರವನ್ನೋ ರಕ್ತವನ್ನು ಪರೀಕ್ಷಿಸುವ ಉಪಕರಣವನ್ನೋ ಕಂಪ್ಯೂಟರಿಗೆ ಜೋಡಿಸಬೇಕಾದರೆ ನಡುವೆ ‘ಡ್ರೈವರ್’ ಎಂಬ ದುಭಾಷಿಯೊಬ್ಬನು ಬೇಕು. ಆ ದುಭಾಷಿಯು ಹಳೆಯ ವಿಂಡೋಸಿನ ಮಾತನ್ನು ಮಾತ್ರ ಬಲ್ಲವನಾಗಿದ್ದು, ಅವನನ್ನು ಸಿದ್ಧಪಡಿಸಿದ ಕಂಪನಿಯೇ ಬಾಗಿಲು ಹಾಕಿಕೊಂಡಿದ್ದರೆ, ವ್ಯವಸ್ಥೆಯನ್ನು ಬದಲಾಯಿಸಿದ ದಿನವೇ ಬೆಲೆಬಾಳುವ ಯಂತ್ರವು ಗುಜರಿಯ ಪಾಲಾಗುವುದು. ‘ನುಡಿ’ಯ ಹಳೆಯ ಸಂಕೇತಕ್ರಮದಲ್ಲಿ ಬೆರಳಚ್ಚಾದ ಕಡತಗಳನ್ನು ಯೂನಿಕೋಡಿಗೆ ತರಲು ಹೆಣಗಿದ ನಮ್ಮ ಕಚೇರಿಗಳ ಗುಮಾಸ್ತರಿಗೆ ಈ ಬಗೆಯ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಪರಾಧೀನತೆಯನ್ನು ಕಳೆದುಕೊಳ್ಳುವ ಹಂಬಲದಿಂದ ಕೆಲವು ಸ್ವಯಂಸೇವಕರು ಕೈಕೊಂಡ ಸಾಹಸವೇ ರಿಯಾಕ್ಟ್‌ಓಎಸ್. ವಿಂಡೋಸಿಗೆಂದು ಸಿದ್ಧವಾದ ಪ್ರೋಗ್ರಾಂಗಳನ್ನೂ ಡ್ರೈವರುಗಳನ್ನೂ ಒಂದಿಷ್ಟೂ ತಿದ್ದದೆ ಹಾಗೆಯೇ ನಡೆಸಬಲ್ಲ, ಆದರೆ ಮೂಲಬರಹವನ್ನು ಯಾರು ಬೇಕಾದರೂ ಓದಿ ಪರಿಷ್ಕರಿಸಬಹುದಾದ ವ್ಯವಸ್ಥೆಯೊಂದನ್ನು ನಿರ್ಮಿಸುವುದು ಅವರ ಉದ್ದೇಶ. ಉದ್ದೇಶವು ಸ್ತುತ್ಯವಾದುದು. ಆದರೆ ವಿಂಡೋಸ್ ಎಂಬುದು ನಿಂತ ಕಂಬವಲ್ಲ. ಅದು ಹರಿಯುವ ಹೊಳೆ. ಯಾವ ವರ್ಷದ, ಯಾವ ಆವೃತ್ತಿಯ ವಿಂಡೋಸಿನೊಡನೆ ಹೊಂದಾಣಿಕೆ ಎಂಬ ಒಂದು ಪ್ರಶ್ನೆಯ ಮೇಲೆಯೇ ಇಂತಹವರ ದುಡಿಮೆಯ ಫಲಾಫಲಗಳು ನಿಂತಿವೆಯೆಂದು ನಮ್ಮ ಅಭಿಪ್ರಾಯ.

ಈ ಉದ್ಯಮದ ಪೂರ್ವಕಥೆಯನ್ನು ಸ್ವಲ್ಪ ನೋಡೋಣ. 1996ರಲ್ಲಿ ‘ಫ್ರೀವಿನ್95’ ಎಂಬ ಹೆಸರಿನಿಂದ ಒಂದು ತಂಡವು ಕೂಡಿತು. ಹಿಂದಿನ ವರ್ಷವಷ್ಟೇ ಮಾರುಕಟ್ಟೆಗೆ ಬಂದಿದ್ದ ವಿಂಡೋಸ್ 95ಕ್ಕೆ ಸರಿಸಮನಾದುದನ್ನು ಕಟ್ಟುವುದು ಅವರ ಸಂಕಲ್ಪವಾಗಿತ್ತು. ರಚನೆಯು ಹೀಗಿರಬೇಕು, ಹಾಗಿರಬೇಕು ಎಂಬ ಚರ್ಚೆಯಲ್ಲಿಯೇ ಕಾಲವು ಕಳೆದು, 1997ನೆಯ ಇಸವಿಯು ಮುಗಿಯುತ್ತ ಬಂದರೂ ಜನರ ಕೈಗೆ ಕೊಡುವಂತಹುದೇನೂ ಹೊರಬರಲಿಲ್ಲ. (ಸಮಿತಿಗಳ ಕಲಾಪವನ್ನು ಬಲ್ಲ ನಮ್ಮ ವಾಚಕರು ಇದಕ್ಕೆ ಬೆರಗಾಗಲಾರರು.) ಅಳಿದುಳಿದವರು 1998ರ ಆರಂಭದಲ್ಲಿ ಹೆಸರನ್ನೂ ಗುರಿಯನ್ನೂ ಒಟ್ಟಿಗೆ ಬದಲಾಯಿಸಿದರು. ಏಕಸ್ವಾಮ್ಯಕ್ಕೆ ತೋರಿದ ಪ್ರತಿಕ್ರಿಯೆಯೆಂಬ ಅರ್ಥದಿಂದ ‘ರಿಯಾಕ್ಟ್’ ಎಂಬ ಹೆಸರು ಬಂದಿತು. ಗುರಿಯು ವಿಂಡೋಸ್ ಎನ್‌ಟಿಯಾಯಿತು. ಈ ಆಯ್ಕೆಯು ದೂರದೃಷ್ಟಿಯದೆಂಬುದನ್ನು ಅಲ್ಲಗಳೆಯುವಂತಿಲ್ಲ. ವಿಂಡೋಸ್ 95 ಎಂಬುದು ಹಳೆಯ ಡಾಸ್‌ನ ಸಂಬಂಧವನ್ನು ಪೂರಾ ಕಡಿದುಕೊಳ್ಳದ ಕಟ್ಟಡ. ಎನ್‌ಟಿಯಾದರೋ ಹೊಸ ತಳಹದಿಯ ಮೇಲೆ ಎದ್ದುದು. 2001ರಲ್ಲಿ ಎಕ್ಸ್‌ಪಿ ಬಂದಾಗ ಮನೆಬಳಕೆಯ ವಿಂಡೋಸ್ ಕೂಡ ಎನ್‌ಟಿಯ ವಂಶಕ್ಕೆ ಸೇರಿಹೋಯಿತು.

ವಂಶವನ್ನು ಸರಿಯಾಗಿ ಆರಿಸಿದರೂ ತಲೆಮಾರನ್ನು ಆರಿಸುವ ಕಷ್ಟವು ತಪ್ಪಲಿಲ್ಲ. ಮೊದಲು ಎನ್‌ಟಿ 4 ಎಂದಿದ್ದುದು ಕಾಲಕ್ರಮದಲ್ಲಿ ಮುಂದಕ್ಕೆ ಸರಿದು ವಿಂಡೋಸ್ ಸರ್ವರ್ 2003ರಲ್ಲಿ ನೆಲೆನಿಂತಿತು. ಅಷ್ಟರಲ್ಲಿ ಹೊಳೆಯು ಮುಂದೆ ಹರಿದಿತ್ತು. 2007ರ ಜನವರಿಯಲ್ಲಿ ವಿಸ್ತಾ ಎಂಬ ವಿಂಡೋಸ್ ಜನಸಾಮಾನ್ಯರಿಗೆ ದೊರೆತು, ಪರದೆಯ ಡ್ರೈವರುಗಳ ಕ್ರಮವೇ ಬದಲಾಯಿತು. ಪ್ರೋಗ್ರಾಂ ಒಂದು ತನ್ನ ಕೆಲಸಕ್ಕಾಗಿ ವ್ಯವಸ್ಥೆಯನ್ನು ಹೆಸರು ಹಿಡಿದು ಕರೆಯುತ್ತದೆ. ಕರೆದ ಹೆಸರಿನವರು ಮನೆಯಲ್ಲಿಲ್ಲವಾದರೆ ಅದು ಹೊಸ್ತಿಲನ್ನೇ ದಾಟುವುದಿಲ್ಲ. ವಿಸ್ತಾದ ಬಳಿಕ ಹುಟ್ಟಿದ ಹೆಸರುಗಳು 2003ರ ಮನೆಯಲ್ಲಿ ಎಲ್ಲಿಂದ ಬರಬೇಕು? 2015ರ ಜುಲೈ ತಿಂಗಳಿನಲ್ಲಿ ಸರ್ವರ್ 2003ಕ್ಕೂ ಬೆಂಬಲವು ನಿಂತಿತು. ಸತ್ತ ವ್ಯವಸ್ಥೆಯನ್ನು ಅನುಕರಿಸುವುದೇಕೆ, ಹೊಸದನ್ನೇ ಹಿಡಿಯಬಾರದೆ ಎಂದು ಟೀಕಿಸುವವರಿದ್ದಾರೆ.

ಈ ಟೀಕೆಯನ್ನು ನಾವು ಪೂರ್ತಿಯಾಗಿ ಒಪ್ಪಲಾರೆವು. ಜಿಮ್ ಹಾಲ್ ಎಂಬವರು 1994ರಲ್ಲಿ, ತಾವಿನ್ನೂ ವಿದ್ಯಾರ್ಥಿಯಾಗಿದ್ದಾಗ, ಮೈಕ್ರೋಸಾಫ್ಟಿನವರು ಕೈಬಿಡಲಿದ್ದ ಡಾಸ್ ವ್ಯವಸ್ಥೆಗೆ ಬದಲಿಯಾಗಿ ಫ್ರೀಡಾಸ್ ಅನ್ನು ಆರಂಭಿಸಿದರು. ಗುರಿಯು ನಿಂತುಹೋಗಿದ್ದುದರಿಂದಲೇ ಅದನ್ನು ಮುಟ್ಟಲು ಸಾಧ್ಯವಾಗಿ, 2006ರ ಸೆಪ್ಟೆಂಬರಿನಲ್ಲಿ ಒಂದನೆಯ ಆವೃತ್ತಿಯು ಪೂರ್ಣಗೊಂಡಿತು. ಹನ್ನೆರಡು ವರ್ಷಗಳು ಹಿಡಿದವು, ನಿಜ, ಆದರೆ ಮುಗಿಯಿತು. ಲಿನಕ್ಸಿನ ಭಾಗ್ಯವು ಇನ್ನೊಂದು ಬಗೆಯದು. ಫಿನ್ಲೆಂಡಿನ ಲೀನಸ್ ಟೊರ್ವಾಲ್ಡ್ಸರು 1991ರಲ್ಲಿ ಕೆಲಸಕ್ಕೆ ತೊಡಗಿದಾಗ ಯುನಿಕ್ಸ್ ಮಾದರಿಯ ವ್ಯವಸ್ಥೆಗಳು ಹೇಗೆ ನಡೆದುಕೊಳ್ಳಬೇಕೆಂಬುದನ್ನು ವಿಧಿಸುವ ‘ಪೋಸಿಕ್ಸ್’ ಎಂಬ ಲಿಖಿತ ನಿಯಮವು 1988ರಲ್ಲಿಯೇ ಏರ್ಪಟ್ಟಿತ್ತು. ಬರೆದಿಟ್ಟ ಕಟ್ಟಳೆಯನ್ನು ಅನುಸರಿಸುವವನಿಗೆ ಇತರರ ಮನೆಯ ಕಿಟಕಿಯಲ್ಲಿ ಇಣುಕುವ ಅಗತ್ಯವಿಲ್ಲ.

ರಿಯಾಕ್ಟ್‌ಓಎಸ್‌ನವರಿಗೆ ಈ ಸೌಕರ್ಯವಿಲ್ಲ. ವಿಂಡೋಸಿನ ಹೊರ ವ್ಯವಹಾರವನ್ನು ಮೈಕ್ರೋಸಾಫ್ಟಿನವರು ಗ್ರಂಥರೂಪದಲ್ಲಿ ವಿವರಿಸಿರುವರಾದರೂ ಒಳಗಿನ ನಡವಳಿಕೆಯ ಬಹುಭಾಗವನ್ನು ಪರೀಕ್ಷೆಯಿಂದಲೇ ಊಹಿಸಬೇಕು. ಬಿಡಿಸಿ ನೋಡಿದವನು ಒಬ್ಬನಾಗಿರಬೇಕು, ಅವನ ವಿವರಣೆಯನ್ನು ಓದಿ ಹೊಸದಾಗಿ ಬರೆಯುವವನು ಬೇರೊಬ್ಬನಾಗಿರಬೇಕು. ಇಲ್ಲವಾದರೆ ಕೃತಿಚೌರ್ಯದ ಆಪಾದನೆ ಬರುವುದು. 2006ರ ಜನವರಿಯಲ್ಲಿ ಅಂತಹ ಶಂಕೆಯೇ ಉದ್ಭವಿಸಿ, ಕೆಲಸವನ್ನು ತಡೆದು, ಬರೆದುದನ್ನೆಲ್ಲ ಪುನಃ ತಪಾಸಣೆಗೆ ಒಳಪಡಿಸಬೇಕಾಯಿತು. ಇಷ್ಟು ಜಾಗರೂಕತೆಯಿಂದ ಅಂಗುಲ ಅಂಗುಲವಾಗಿ ನಡೆಯಬೇಕಾದವರು ಪ್ರತಿ ಹೊಸ ವಿಂಡೋಸಿನ ಬೆನ್ನು ಹತ್ತಿದರೆ ಫ್ರೀವಿನ್95ರ ಗತಿಯೇ ಮರುಕಳಿಸೀತು.

ಇನ್ನೊಂದು ಮಾತನ್ನೂ ಗಮನಿಸಬೇಕು. ವಿಂಡೋಸಿನ ಪ್ರೋಗ್ರಾಂಗಳನ್ನಷ್ಟೇ ನಡೆಸುವುದಾದರೆ ಆ ಕೆಲಸವನ್ನು 1993ರಿಂದ ಬೆಳೆದುಬಂದ ವೈನ್ ಎಂಬ ತಂತ್ರಾಂಶವು ಲಿನಕ್ಸಿನ ಮೇಲೆಯೇ ಮಾಡುತ್ತಿದೆ. ಅದರ ಬರಹವನ್ನು ರಿಯಾಕ್ಟ್‌ಓಎಸ್‌ನವರೂ ಧಾರಾಳವಾಗಿ ಬಳಸಿಕೊಂಡಿದ್ದಾರೆ. ಹೀಗಿರಲಾಗಿ ಇವರಿಗೇ ವಿಶಿಷ್ಟವಾದ ಕ್ಷೇತ್ರವು ಯಾವುದು? ಡ್ರೈವರುಗಳದು. ಯಂತ್ರಕ್ಕೆ ಜೋಡಿಸಿದ ಹಳೆಯ ದುಭಾಷಿಯನ್ನು ವೈನ್ ಮಾತನಾಡಿಸಲಾರದು. ಆ ದುಭಾಷಿಗಳ ಮಾತು 2003ರ ಕಾಲದ್ದೇ ಆದುದರಿಂದ, ತಳಹದಿಯ ಮಟ್ಟಿಗೆ ಆ ಗುರಿಯನ್ನು ಕದಲಿಸದೆ, ಮೇಲಂತಸ್ತಿನಲ್ಲಿ ಮಾತ್ರ ಹೊಸ ಪ್ರೋಗ್ರಾಂಗಳು ಕೇಳುವ ಹೆಸರುಗಳನ್ನು ಒಂದೊಂದಾಗಿ ಸೇರಿಸುವುದೇ ಯುಕ್ತವೆಂದು ನಮಗೆ ತೋರುತ್ತದೆ. ವಿಸ್ತಾದ ಅನಂತರದ ಕರೆಗಳನ್ನು ಅಲ್ಲಲ್ಲಿ ಸೇರಿಸುತ್ತ ಬಂದಿರುವ ಅವರು ಈ ದಾರಿಯಲ್ಲಿ ಸ್ವಲ್ಪ ನಡೆದೂ ಇದ್ದಾರೆ. ಎರಡು ದೋಣಿಗಳ ಮೇಲೆ ಕಾಲಿಡುವ ಭಯವು ಇದರಲ್ಲಿ ಇಲ್ಲದಿಲ್ಲ. ತಳಹದಿ ಯಾವುದು, ಮೇಲಂತಸ್ತು ಯಾವುದು ಎಂಬ ಗೆರೆಯನ್ನು ಯಾರು ಎಳೆಯುವರೋ ಅವರಿಗೆ ದಿನವೂ ಜಗಳ ಕಾದಿರುತ್ತದೆ.

2025ರ ಮಾರ್ಚ್ ತಿಂಗಳಿನಲ್ಲಿ ರಿಯಾಕ್ಟ್‌ಓಎಸ್‌ನ 0.4.15ನೆಯ ಆವೃತ್ತಿಯು ಹೊರಬಂದಿತು. ಹಿಂದಿನದು ಬಂದು ಮೂರು ವರ್ಷಗಳ ಮೇಲಾಗಿತ್ತು. ದಿನನಿತ್ಯದ ಬಳಕೆಗೆ ಇದಿನ್ನೂ ತಕ್ಕುದಲ್ಲವೆಂಬ ಅರ್ಥದ ‘ಆಲ್ಫಾ’ ಎಂಬ ಮುದ್ರೆಯನ್ನು ಅದರ ಮೇಲೆ ನಿರ್ಮಾಪಕರೇ ಒತ್ತಿದ್ದಾರೆ.