ಇಪ್ಪತ್ತು ಸಾಲಿನ ಪ್ರೋಗ್ರಾಂನಲ್ಲಿ ಒಂದು ಎಲೆಕ್ಟ್ರಾನ್

ಎಲೆಕ್ಟ್ರಾನ್ ಎಲ್ಲಿದೆ ಎಂದು ಕೇಳಿದರೆ ಕ್ವಾಂಟಂ ಭೌತಶಾಸ್ತ್ರ ನೇರ ಉತ್ತರ ಕೊಡುವುದಿಲ್ಲ; ಇಲ್ಲಿರುವ ಸಂಭವ ಇಷ್ಟು, ಅಲ್ಲಿರುವ ಸಂಭವ ಇಷ್ಟು ಎನ್ನುತ್ತದೆ. ಅದರ ಶಕ್ತಿ ಎಷ್ಟಿರಬಹುದು ಎಂದು ಕೇಳಿ ನೋಡಿ, ದಶಮಾಂಶ ಸಮೇತ ಲೆಕ್ಕ ಒಪ್ಪಿಸುತ್ತದೆ. ಡಿಗ್ರಿ ತರಗತಿಗಳಿಗೆ ಪಾಠ ಹೇಳುವ ನಾನು ಈ ಲೆಕ್ಕವನ್ನು ಈಗ ಬೋರ್ಡಿಗಿಂತ ಹೆಚ್ಚಾಗಿ ಕಂಪ್ಯೂಟರ್ ಭಾಷೆಯಾದ ಪೈಥಾನ್‌ನಲ್ಲೇ ಮಾಡಿಸುತ್ತೇನೆ.

ಮೊದಲ ಲೆಕ್ಕ ಹೀಗಿದೆ: ಒಂದು ನ್ಯಾನೋಮೀಟರ್ ಅಗಲದ ಜಾಗ, ಎರಡೂ ಕಡೆ ದಾಟಲಾಗದ ಗೋಡೆ, ಒಳಗೆ ಒಂದೇ ಎಲೆಕ್ಟ್ರಾನ್. 1926ರಲ್ಲಿ ಭೌತವಿಜ್ಞಾನಿ ಷ್ರೋಡಿಂಗರ್ ಕೊಟ್ಟ ಸಮೀಕರಣದ ಪ್ರಕಾರ ಎಲೆಕ್ಟ್ರಾನಿನ ಅಲೆ ಗೋಡೆ ಮುಟ್ಟುವಲ್ಲಿ ಸೊನ್ನೆಯಾಗಲೇಬೇಕು. ಎರಡು ತುದಿಯಲ್ಲಿ ಬಿಗಿದ ವೀಣೆಯ ತಂತಿ ಕೆಲವೇ ಬಗೆಯಲ್ಲಿ ಕಂಪಿಸುವಂತೆ, ಈ ಎಲೆಕ್ಟ್ರಾನಿಗೂ ಗೊತ್ತಾದ ಕೆಲವು ಶಕ್ತಿಮಟ್ಟಗಳು ಮಾತ್ರ.

ಕಂಪ್ಯೂಟರಿಗೆ ಅಲೆ ತಿಳಿಯದು, ಅಂಕಿ ತಿಳಿಯುತ್ತದೆ. ಹಾಗಾಗಿ ಜಾಗವನ್ನು 10 ಸಮಭಾಗ ಮಾಡುತ್ತೇವೆ. ನಡುವೆ 9 ಬಿಂದು. ಒಂದೊಂದು ಬಿಂದುವಿನ ಬೆಲೆಯನ್ನು ಅಕ್ಕಪಕ್ಕದ ಬೆಲೆಗಳ ಜೊತೆ ಹೋಲಿಸಿದರೆ ಅಲ್ಲಿ ಅಲೆ ಎಷ್ಟು ಬಾಗಿದೆ ಎಂಬುದು ಸಿಗುತ್ತದೆ. ಸಮೀಕರಣ ಈಗ 9 ಸಾಲು, 9 ಕಂಬಸಾಲಿನ ಮ್ಯಾಟ್ರಿಕ್ಸ್: ಎಲೆಕ್ಟ್ರಾನ್ ವೋಲ್ಟ್ ಲೆಕ್ಕದಲ್ಲಿ ಕರ್ಣದ ಮೇಲೆಲ್ಲ 7.62, ಅದರ ಎರಡು ಮಗ್ಗುಲಲ್ಲಿ −3.81, ಉಳಿದೆಡೆ ಸೊನ್ನೆ. ಇದರ ಐಗನ್ ಬೆಲೆ ಎಂಬ ವಿಶಿಷ್ಟ ಸಂಖ್ಯೆಗಳೇ ಶಕ್ತಿಮಟ್ಟಗಳು. ಅವನ್ನು ತೆಗೆಯಲು ಪೈಥಾನಿನ ಗಣಿತ ಲೈಬ್ರರಿ ನಂಪೈಗೆ ಒಂದು ಸಾಲಿನ ಆದೇಶ ಸಾಕು. ಕೆಳಗಿನ ಮಟ್ಟ 0.373 ಎಲೆಕ್ಟ್ರಾನ್ ವೋಲ್ಟ್ ಬರುತ್ತದೆ. ನೂರು ಭಾಗ ಮಾಡಿದರೆ 0.376. ಪುಸ್ತಕದ ಸೂತ್ರವೂ ಅಷ್ಟೇ ಹೇಳುತ್ತದೆ.

ಜಾಗವನ್ನು ಎರಡು ಪಟ್ಟು ಹಿಗ್ಗಿಸಿದರೆ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಕ್ವಾಂಟಂ ಡಾಟ್ ಎಂಬ ಅತಿ ಸಣ್ಣ ಕಣಗಳು ಕಿರಿದಾದಷ್ಟೂ ನೀಲಿಯತ್ತ, ಹಿರಿದಾದಷ್ಟೂ ಕೆಂಪಿನತ್ತ ಹೊಳೆಯುವುದರ ಗುಟ್ಟು ಇದೇ. 2023ರ ರಸಾಯನಶಾಸ್ತ್ರದ ನೊಬೆಲ್ ಸಂದದ್ದು ಈ ಕಣಗಳ ಶೋಧಕ್ಕೆ.

ಇಷ್ಟಾದ ಮೇಲೆ ಹುಡುಗರು ಕೇಳುವ ಪ್ರಶ್ನೆ, “ಮೇಡಂ, ನೀರಿನ ಅಣುವಿಗೂ ಹೀಗೇ ಮಾಡಬಹುದಾ?” ಅಲ್ಲೇ ಇರುವುದು ತೊಡಕು. ಉದ್ದ, ಅಗಲ, ಎತ್ತರಕ್ಕೆ ನೂರು ನೂರು ಬಿಂದು ಹಿಡಿದರೆ ಒಂದು ಎಲೆಕ್ಟ್ರಾನಿಗೆ ಹತ್ತು ಲಕ್ಷ ಅಂಕಿ. ಎರಡಾದರೆ ಲಕ್ಷ ಕೋಟಿ, ಬರೆದಿಡಲು 8 ಟೆರಾಬೈಟ್ ಬೇಕು. ನೀರಿನ ಅಣುವಿನಲ್ಲಿರುವುದು ಹತ್ತು ಎಲೆಕ್ಟ್ರಾನ್; 1ರ ಮುಂದೆ 60 ಸೊನ್ನೆ! ಯಾವ ಸೂಪರ್ ಕಂಪ್ಯೂಟರಿಗೂ ಇದು ದಕ್ಕದು.

ಈ ತೊಡಕಿಗೆ ದಾರಿ ತೋರಿಸಿದವರು ಭೌತವಿಜ್ಞಾನಿ ವಾಲ್ಟರ್ ಕೋನ್. ಎಲ್ಲ ಎಲೆಕ್ಟ್ರಾನುಗಳ ಕೂಡು ಅಲೆಯ ಗೊಡವೆ ಬೇಡ, ಎಲ್ಲಿ ಎಷ್ಟು ದಟ್ಟವಾಗಿವೆ ಎಂಬುದು ಗೊತ್ತಾದರೆ ಸಾಕು ಎಂದು 1964ರಲ್ಲಿ ಹೋಹೆನ್‌ಬರ್ಗ್ ಜೊತೆ ಸಾಧಿಸಿದರು; ಮರುವರ್ಷ ಲೂ ಶಾಮ್ ಜೊತೆ ಅದನ್ನು ಲೆಕ್ಕಕ್ಕೆ ಒಗ್ಗಿಸಿದರು. 1998ರಲ್ಲಿ ಕೋನ್ ಅವರಿಗೆ ನೊಬೆಲ್ ಬಂತು. ಆದರೂ ಎಲೆಕ್ಟ್ರಾನುಗಳು ಒಂದನ್ನೊಂದು ತಪ್ಪಿಸಿಕೊಂಡು ಓಡಾಡುವ ಪರಿಯನ್ನು ಈ ವಿಧಾನದಲ್ಲಿ ಅಂದಾಜಿನಿಂದಲೇ ತುಂಬಬೇಕು. ಸರಳ ಅಂದಾಜು ಹಾಕಿದರೆ ಸಿಲಿಕಾನಿನ ಬ್ಯಾಂಡ್ ಗ್ಯಾಪ್ (ತುಂಬಿದ ಮಟ್ಟಗಳಿಗೂ ಖಾಲಿ ಮಟ್ಟಗಳಿಗೂ ನಡುವಿನ ಶಕ್ತಿಯ ಅಂತರ) ಸುಮಾರು 0.5 ಎಲೆಕ್ಟ್ರಾನ್ ವೋಲ್ಟ್ ಬರುತ್ತದೆ, ನಿಜವಾದದ್ದು 1.1.

ಪೈಥಾನ್ ಪುಕ್ಕಟೆ ಸಿಗುತ್ತದೆ, ಸಾಧಾರಣ ಲ್ಯಾಪ್‌ಟಾಪ್ ಸಾಕು. ಮೊದಲ ಲೆಕ್ಕವನ್ನು ನೀವೇ ಮಾಡಿ ನೋಡಿ. ಯಾರಾದರೂ ಕಂಪ್ಯೂಟರಿನ ಉತ್ತರ ಮುಂದಿಟ್ಟರೆ, ಒಪ್ಪುವ ಮುನ್ನ ಅದರಲ್ಲಿ ಏನನ್ನು ಅಂದಾಜಿಗೆ ಬಿಟ್ಟಿದ್ದಾರೆ ಎಂದು ಕೇಳಿ.