ಅತ್ತೆ ಒಡೆದ ಪಾತ್ರೆ



ನೀವು ನಾಲ್ಕು ಜನ ಸೇರಿದರೆ ಟಿ.ವಿ.ಯ ಮಾತು ಬಂದೇ ಬರುತ್ತದೆ. 2013ರಲ್ಲಿ ಸುದೀಪರ ನಿರೂಪಣೆಯಲ್ಲಿ ಆರಂಭವಾದ ಕನ್ನಡ ‘ಬಿಗ್ ಬಾಸ್’ ಚೆನ್ನೋ, 2018ರಲ್ಲಿ ಮೋಹನ್‌ಲಾಲ್ ನಡೆಸಿಕೊಟ್ಟು ಶುರುವಾದ ಮಲಯಾಳಂ ‘ಬಿಗ್ ಬಾಸ್’ ಚೆನ್ನೋ? ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮಲಯಾಳಂ ಆಡುತ್ತ ಬೆಳೆದ ನಿಮಗೆ ಎರಡೂ ಸ್ವಂತವೇ. ಧಾರಾಳವಾಗಿ ವಾದಿಸಿ. ಆದರೆ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಿ: ನಾವು ನೋಡುವುದನ್ನು ನಿಲ್ಲಿಸುವ ಅಧಿಕಾರ ಯಾರ ಕೈಯಲ್ಲಿದೆ?

‘ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ’ ಎಂಬ ಗಾದೆಯನ್ನು ಅಜ್ಜಿಯ ಬಾಯಲ್ಲಿ ಕೇಳಿರುತ್ತೀರಿ. ಸೊಸೆ ಒಡೆದರೆ ಮನೆಯೆಲ್ಲ ರಂಪ, ಅತ್ತೆ ಒಡೆದರೆ ಅದು ಹೇಗೂ ಹಳೆಯ ಪಾತ್ರೆ! ನಮ್ಮ ರಾಜಕೀಯ ನಡೆಯುವುದೂ ಹೀಗೆಯೇ. ಉದಾಹರಣೆಗೆ ದೂರ ಹೋಗಬೇಕಿಲ್ಲ, ನೀವಿರುವ ಊರುಗಳೇ ಸಾಕು.

2023ರ ಜನವರಿಯಲ್ಲಿ ಬಿ.ಬಿ.ಸಿ.ಯ ‘ಇಂಡಿಯಾ: ದ ಮೋದಿ ಕ್ವೆಶ್ಚನ್’ ಸಾಕ್ಷ್ಯಚಿತ್ರದ ಕೊಂಡಿಗಳನ್ನು ಅಂತರ್ಜಾಲದಿಂದ ತೆಗೆಸಲು ಕೇಂದ್ರ ಸರ್ಕಾರ ಆದೇಶಿಸಿತು. ಎಡಪಕ್ಷದ ಯುವ ಸಂಘಟನೆ ಡಿ.ವೈ.ಎಫ್.ಐ. ‘ನೋಡುವುದು ಜನರ ಹಕ್ಕು’ ಎಂದು ತಿರುವನಂತಪುರದ ಪೂಜಪ್ಪುರದಲ್ಲಿ ಅದನ್ನು ಬಹಿರಂಗವಾಗಿ ತೋರಿಸಿತು. ಯುವಮೋರ್ಚಾದವರು ಅಡ್ಡಿಪಡಿಸಲು ಬಂದಾಗ ಪೊಲೀಸರು ಜಲಫಿರಂಗಿ ಹಾರಿಸಿದರು.

ಮುಂದಿನ ವರ್ಷ ಪಾತ್ರಗಳು ಅದಲುಬದಲಾದವು. 2024ರ ಏಪ್ರಿಲ್ 5ರಂದು, ಲೋಕಸಭಾ ಚುನಾವಣೆಯ ನಡುವೆ, ದೂರದರ್ಶನ ‘ದ ಕೇರಳ ಸ್ಟೋರಿ’ ಚಿತ್ರವನ್ನು ಪ್ರಸಾರ ಮಾಡಿತು. ಪ್ರಸಾರ ಬೇಡವೆಂದು ಆಗಿನ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಒತ್ತಾಯಿಸಿದರು, ಕಾಂಗ್ರೆಸ್ಸೂ ವಿರೋಧಿಸಿತು. ಹಿಂದಿನ ವರ್ಷ ತಡೆಯಲು ಹೊರಟಿದ್ದ ಬಿ.ಜೆ.ಪಿ. ಈಗ ಅಭಿವ್ಯಕ್ತಿ ಸ್ವಾತಂತ್ರ್ಯದ ಪರ ನಿಂತಿತು!

ಎರಡೂ ಪ್ರಕರಣ ಒಂದೇ ಅಲ್ಲ ಎಂದು ನೀವು ಹೇಳಬಹುದು. ನಿಜ. ದೂರದರ್ಶನ ನಡೆಯುವುದು ಎಲ್ಲರ ತೆರಿಗೆ ಹಣದಿಂದ. ಚುನಾವಣೆಯ ಹೊತ್ತಿನಲ್ಲಿ ಅದು ಏನನ್ನು ತೋರಿಸಬೇಕೆಂದು ಕೇಳುವುದು ನ್ಯಾಯವೇ. ಆದರೆ ಅದೇ ಕಾರಣವನ್ನು ನಿಮ್ಮ ಮೆಚ್ಚಿನ ಪಕ್ಷ ದೆಹಲಿಯಲ್ಲಿ ಗದ್ದುಗೆ ಏರಿದಾಗಲೂ ಹೇಳುತ್ತೀರಾ? ಹೇಳುವಿರಾದರೆ ಅದು ನೀತಿ, ಇಲ್ಲವಾದರೆ ಬರೀ ನೆಪ.

ಇನ್ನು ಕೊಚ್ಚಿಗೆ ಬನ್ನಿ. ಕೋಯಿಕ್ಕೋಡಿನ ‘ಮೀಡಿಯಾ ಒನ್’ ವಾಹಿನಿಯ ಪರವಾನಗಿಯನ್ನು ಕೇಂದ್ರ ನವೀಕರಿಸಲಿಲ್ಲ; 2022ರ ಜನವರಿ 31ರಂದು ಪ್ರಸಾರ ನಿಂತಿತು. ಕಾರಣ ರಾಷ್ಟ್ರದ ಭದ್ರತೆ. ವಿವರವೇನೆಂದು ವಾಹಿನಿಗೇ ತಿಳಿಸಲಿಲ್ಲ. ಮುಚ್ಚಿದ ಲಕೋಟೆಯಲ್ಲಿ ನ್ಯಾಯಾಧೀಶರಿಗೆ ಮಾತ್ರ ಕೊಟ್ಟರು. ಕೊಚ್ಚಿಯ ಹೈಕೋರ್ಟು ಎರಡು ಸಲವೂ ಸರ್ಕಾರದ ಕ್ರಮವನ್ನು ಎತ್ತಿಹಿಡಿಯಿತು. ಕೊನೆಗೆ 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದು ಮಾಡಿತು. ಆಧಾರವಿಲ್ಲದೆ ಭದ್ರತೆಯ ಹೆಸರೆತ್ತುವಂತಿಲ್ಲ, ಸರ್ಕಾರವನ್ನು ಟೀಕಿಸಿದ್ದೇ ಪರವಾನಗಿ ನಿರಾಕರಿಸಲು ಕಾರಣವಾಗದು ಎಂದಿತು.

ಆಗ ಪತ್ರಿಕಾ ಸ್ವಾತಂತ್ರ್ಯಕ್ಕಾಗಿ ದನಿ ಎತ್ತಿದವರಲ್ಲಿ ಕೇರಳದ ಎಡಪಕ್ಷಗಳೂ ಇದ್ದವು. ಎರಡೇ ತಿಂಗಳಲ್ಲಿ, ಅಂದರೆ 2023ರ ಜೂನ್‌ನಲ್ಲಿ, ಅವರದೇ ಸರ್ಕಾರದ ಪೊಲೀಸರು ಕೊಚ್ಚಿಯಲ್ಲಿ ‘ಏಷ್ಯಾನೆಟ್ ನ್ಯೂಸ್’ ವರದಿಗಾರ್ತಿಯೊಬ್ಬರ ಮೇಲೆ ಒಳಸಂಚಿನ ಮೊಕದ್ದಮೆ ಹೂಡಿದರು. ದೂರು ಕೊಟ್ಟವರು ಎಸ್.ಎಫ್.ಐ. ನಾಯಕರು, ಸುದ್ದಿ ಅವರದೇ ಅಂಕಪಟ್ಟಿಯ ಕುರಿತದ್ದು. ಇಲ್ಲೂ ಪಾತ್ರೆ ಒಡೆದವರು ಅತ್ತೆಯೇ!

‘ನಮ್ಮ ಕರ್ನಾಟಕದಲ್ಲಿ ಹೀಗಿಲ್ಲ’ ಎಂದು ಬೀಗುವುದೂ ಬೇಡ. 2025ರ ಅಕ್ಟೋಬರ್‌ನಲ್ಲಿ ಬಿಡದಿಯಲ್ಲಿ ಕನ್ನಡ ‘ಬಿಗ್ ಬಾಸ್’ ನಡೆಯುತ್ತಿದ್ದ ಸ್ಟುಡಿಯೋಗೆ ಬೀಗ ಬಿತ್ತು. ಅನುಮತಿಯಿಲ್ಲ, ಕೊಳಚೆ ನೀರು ಶುದ್ಧೀಕರಿಸಿಲ್ಲ ಎಂಬುದು ಮಾಲಿನ್ಯ ನಿಯಂತ್ರಣ ಮಂಡಳಿಯ ಆರೋಪ. ಸ್ಪರ್ಧಿಗಳನ್ನು ರೆಸಾರ್ಟಿಗೆ ಸಾಗಿಸಲಾಯಿತು. ಆಗ ಉಪಮುಖ್ಯಮಂತ್ರಿಯಾಗಿದ್ದ ಡಿ.ಕೆ. ಶಿವಕುಮಾರ್, ಲೋಪ ಸರಿಪಡಿಸಲು ಸಮಯ ಕೊಡಿ ಎಂದು ಸೂಚಿಸಿದೊಡನೆ ಬೀಗ ತೆರೆಯಿತು. ಅದೇ ವರ್ಷ ಮಾರ್ಚ್‌ನಲ್ಲಿ ಚಿತ್ರರಂಗದವರ ‘ನಟ್ಟು ಬೋಲ್ಟು’ ಬಿಗಿ ಮಾಡುವ ಮಾತಾಡಿದ್ದವರೂ ಅವರೇ. ನೆಚ್ಚಿನ ಕಾರ್ಯಕ್ರಮ ಮರಳಿತೆಂದು ಅಭಿಮಾನಿಗಳು ಹಿಗ್ಗಿದರು. ಆದರೆ ನಿಯಮ ಸರಿಯಿದ್ದರೆ ಒಬ್ಬ ಮಂತ್ರಿಯ ಮಾತಿಗೆ ಬೀಗ ತೆಗೆದದ್ದೇಕೆ? ಸಮಯ ಕೊಡಬಹುದಾಗಿದ್ದರೆ ಮೊದಲೇ ಕೊಡಲಿಲ್ಲವೇಕೆ? ಸಣ್ಣ ಕಾರ್ಖಾನೆಯ ಮಾಲೀಕನಿಗೂ ಇಂಥ ಉಪಕಾರ ಸಿಗುತ್ತದೆಯೆ?

ಮಿತ್ರರೇ, ನಿಮ್ಮಲ್ಲಿ ಎಡದವರಿದ್ದೀರಿ, ಬಲದವರಿದ್ದೀರಿ, ರಾಜಕೀಯವೇ ಬೇಡವೆನ್ನುವವರೂ ಇದ್ದೀರಿ. ಪಕ್ಷ ಬಿಡಿ ಎಂದು ನಾನು ಹೇಳುತ್ತಿಲ್ಲ. ಸರ್ಕಾರವೊಂದು ಯಾವುದನ್ನಾದರೂ ನಿಲ್ಲಿಸಿದಾಗ ಮೂರು ಪ್ರಶ್ನೆ ಕೇಳಿ. ಕಾರಣವನ್ನು ಬಹಿರಂಗವಾಗಿ ಹೇಳಿದ್ದಾರೆಯೇ? ಎದುರಿನವರಿಗೆ ಉತ್ತರಿಸಲು ಅವಕಾಶ ಸಿಕ್ಕಿತೇ? ಇದನ್ನೇ ಎದುರು ಪಕ್ಷ ಮಾಡಿದ್ದರೆ ನಾನು ಒಪ್ಪುತ್ತಿದ್ದೆನೇ?

ಮೂರನೆಯದು ಕಷ್ಟದ ಪ್ರಶ್ನೆ. ಉತ್ತರ ನಿಮ್ಮ ಗೆಳೆಯರಿಗೆ ಹಿಡಿಸದಿರಬಹುದು, ಕೆಲವೊಮ್ಮೆ ನಿಮಗೂ ಹಿಡಿಸದು. ಆದರೂ ಕೇಳಿ. ನಿಮಗೆ ಸ್ವಲ್ಪವೂ ಇಷ್ಟವಿಲ್ಲದ ಕಾರ್ಯಕ್ರಮವೊಂದಕ್ಕೆ ಅನ್ಯಾಯವಾದ ದಿನ, ಅದರ ಪರ ಮೊದಲ ಮಾತು ನಿಮ್ಮಿಂದಲೇ ಬರಲಿ.