ಸೀರೆ ನೋಡಿ ಗಿರಾಕಿಯ ಬೆಲೆ ಕಟ್ಟುವವರು



ಸೊಕ್ಕೆಯಿಂದ ಜಗಳೂರಿಗೋ ದಾವಣಗೆರೆಗೋ ಬಟ್ಟೆ ತರೋಕೆ ಹೋದಾಗ ಅಂಗಡಿಯವರು ಮೊದಲು ನೋಡುವುದು ನಮ್ಮ ಸೀರೆ, ಚಪ್ಪಲಿ. ಕೊಳ್ಳದವರಿಗೆ ತೋರಿಸಿ ಹೊತ್ತು ಕಳೆಯಬಾರದೆಂಬುದು ಅವರ ಲೆಕ್ಕ. ಲೆಕ್ಕ ತಪ್ಪುವುದೂ ಉಂಟು. 2022ರ ಜನವರಿಯಲ್ಲಿ ತುಮಕೂರಿನ ವಾಹನ ಶೋರೂಮಿನಲ್ಲಿ ರೈತರೊಬ್ಬರನ್ನು ಹತ್ತು ರೂಪಾಯಿಗೂ ಗತಿಯಿಲ್ಲವೆಂಬಂತೆ ಹೀಯಾಳಿಸಿದರು. ಅವರು ಹಟ ಹಿಡಿದು 10 ಲಕ್ಷ ತಂದಾಗ ಕೊಡಲು ಗಾಡಿಯೇ ಸಿದ್ಧವಿರಲಿಲ್ಲ! ಕೊನೆಗೆ ಕಂಪನಿ ಕ್ಷಮೆ ಕೇಳಿತು.

ಆದರೆ ಆ ಹಟ ನಮಗೆ ಬೇಡ. ‘ಇದು ನಿಮಗೆ ದುಬಾರಿ ಆಗುತ್ತೆ’ ಎಂಬ ಮಾತಿಗೆ ರೋಸಿ ಸಂಘದ ಸಾಲದ ದುಡ್ಡಲ್ಲಿ ದುಬಾರಿ ಸೀರೆ ಕೊಂಡರೆ ಕಂತು ಕಟ್ಟುವವರು ನಾವೇ. ನಿಮಗೆ ಬೇಕಾದ ದರದ್ದನ್ನೇ ಕೇಳಿ, ಬಿಲ್ ಪಡೆಯಿರಿ. ಬಿಲ್ ಕೊಡದಿರುವುದು 2019ರ ಗ್ರಾಹಕ ಕಾನೂನಿನಲ್ಲಿ ತಪ್ಪು. ದೂರಿಗೆ 1915ಕ್ಕೆ ಫೋನ್ ಮಾಡಿ.